ನಾಣ್ಯಗಳ ಬಣ್ಣಗೂಡಿಕೆ

ಚಲಾವಣೆಗೊಂಡ ನಾಣ್ಯದ ಮೇಲ್ಮೈಯು ಗಾಳಿ, ತೇವ ಹಾಗೂ ಕೈಬೆವರಿನೊಡನೆ ವರ್ತಿಸಿ ಕಾಲಕ್ರಮದಲ್ಲಿ ಬೇರೆ ಬಣ್ಣ ತಳೆಯುವುದನ್ನು ನಾಣ್ಯಗಳ ಬಣ್ಣಗೂಡಿಕೆ ಎನ್ನಬಹುದು. ಸಂಗ್ರಾಹಕರಲ್ಲಿ ಟೋನಿಂಗ್ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಇದು ನಾಣ್ಯಕ್ಕೆ ಅಂಟಿದ ಕೊಳೆಯಲ್ಲ. ಲೋಹವೇ ಮಾರ್ಪಟ್ಟು ಉಂಟಾದ ತೆಳುಪೊರೆ. ಆದುದರಿಂದ ಅದನ್ನು ಉಜ್ಜಿ ತೆಗೆದರೆ ನಾಣ್ಯದ ಒಂದಂಶವನ್ನೇ ತೆಗೆದಂತಾಗುತ್ತದೆ.

ಬೆಳ್ಳಿಯ ನಾಣ್ಯಗಳು

ಬೆಳ್ಳಿ ಕಪ್ಪಾಗಲು ಮುಖ್ಯ ಕಾರಣ ಗಂಧಕ. ಗಾಳಿಯಲ್ಲಿ ಅತ್ಯಲ್ಪವಾಗಿರುವ ಹೈಡ್ರೋಜನ್ ಸಲ್ಫೈಡ್ ಅನಿಲದಿಂದ ಬೆಳ್ಳಿಯ ಮೇಲೆ ಸಲ್ಫೈಡಿನ ಪೊರೆ ಕಟ್ಟುತ್ತದೆ. ಪೊರೆ ತೆಳುವಾಗಿರುವಾಗ ನಾಣ್ಯ ಹೊಂಬಣ್ಣವಾಗಿ ಕಾಣುತ್ತದೆ. ದಪ್ಪವಾದಂತೆ ಕೆಂಗಂದು, ನೇರಳೆ, ನೀಲಿಗಳಿಗೆ ತಿರುಗಿ ಕೊನೆಗೆ ಕಪ್ಪಾಗುತ್ತದೆ. ಸಾಬೂನಿನ ಗುಳ್ಳೆಯಲ್ಲಿ ಬಣ್ಣಗಳು ಮೂಡುವಂತೆಯೇ ಇಲ್ಲಿಯೂ ಬೆಳಕಿನ ವ್ಯತಿಕರಣವೇ ಕಾರಣ.

ಕೈಯಿಂದ ಕೈಗೆ ಸಾಗುವ ನಾಣ್ಯದಲ್ಲಿ ಈ ಪೊರೆ ಸಮನಾಗಿ ನಿಲ್ಲುವುದಿಲ್ಲ. ವಿಕ್ಟೋರಿಯಾ ಅಥವಾ ಐದನೆಯ ಜಾರ್ಜ್ ಕಾಲದ ಸವೆದ ರೂಪಾಯಿಯನ್ನು ನೋಡಿದರೆ ಕೆನ್ನೆ, ಕಿರೀಟ ಮೊದಲಾದ ಉಬ್ಬುಭಾಗಗಳು ಬೆಳ್ಳಗಿದ್ದು, ಅಕ್ಷರಗಳ ಸಂದುಗಳು ಕಪ್ಪಾಗಿರುತ್ತವೆ. ಸವೆದಿದ್ದರೂ ಸಂದುಗೊಂದುಗಳೆಲ್ಲ ಒಂದೇ ಸಮನೆ ಹೊಳೆಯುತ್ತಿದ್ದರೆ ಅದು ಬಹುಮಟ್ಟಿಗೆ ತೊಳೆದ ನಾಣ್ಯವೆಂದೇ ತಿಳಿಯಬೇಕು.

ಮಿಶ್ರಲೋಹದ ಪ್ರಮಾಣವೂ ಬಣ್ಣವನ್ನು ನಿರ್ಧರಿಸುತ್ತದೆ. ೧೯೩೯ರವರೆಗಿನ ಬ್ರಿಟಿಷ್ ಇಂಡಿಯಾ ರೂಪಾಯಿಯಲ್ಲಿ ಶೇ. ೯೧.೭ರಷ್ಟು ಬೆಳ್ಳಿಯಿತ್ತು. ೧೯೪೦ರಲ್ಲಿ ಅದನ್ನು ಶೇ. ೫೦ಕ್ಕೆ ಇಳಿಸಿ, ಶೇ. ೪೦ ತಾಮ್ರವನ್ನೂ ಶೇ. ೫ರಂತೆ ನಿಕಲ್ ಮತ್ತು ಸತುವನ್ನೂ ಬೆರೆಸಲಾಯಿತು. ಒಂದೇ ಪೆಟ್ಟಿಗೆಯಲ್ಲಿಟ್ಟ ಇವೆರಡು ಬೇರೆ ಬೇರೆ ಬಗೆಯಲ್ಲಿ ಮಂಕಾಗುವುದು ಸಹಜ. ೧೯೪೭ರ ನಿಕಲ್ ರೂಪಾಯಿ ಅಷ್ಟಾಗಿ ಬಣ್ಣಗೂಡುವುದಿಲ್ಲ.

ತಾಮ್ರ ಮತ್ತು ಕಿಲುಬು

ಹೊಸದಾಗಿ ಕೆಂಪಗಿರುವ ತಾಮ್ರದ ಕಾಲಾಣೆ ಆಕ್ಸೈಡಿನಿಂದ ಕ್ರಮೇಣ ಕಂದಾಗುತ್ತದೆ. ಬಿಗಿಯಾಗಿ ಕುಳಿತ ಈ ಕಂದುಪೊರೆ ಒಳಗಿನ ಲೋಹಕ್ಕೆ ರಕ್ಷಣೆ. ಹಸಿರಿನ ವಿಷಯದಲ್ಲಿ ಮಾತ್ರ ವಿವೇಚನೆ ಬೇಕು. ಗಟ್ಟಿಯಾಗಿ, ನುಣುಪಾಗಿ ಹಿಡಿದ ಹಸಿರು ಸಾಮಾನ್ಯವಾಗಿ ಅಪಾಯಕಾರಿಯಲ್ಲ. ಮುಟ್ಟಿದರೆ ಉದುರುವ ತಿಳಿಹಸಿರು ಪುಡಿಯಾದರೋ ಕ್ಲೋರೈಡಿನಿಂದ ಹುಟ್ಟಿದ್ದಾಗಿರಬಹುದು; ಅದು ತೇವವಿರುವವರೆಗೂ ಲೋಹವನ್ನು ಕೊರೆಯುತ್ತಲೇ ಹೋಗುತ್ತದೆ. ಅಂತಹ ನಾಣ್ಯವನ್ನು ಒಣ ಜಾಗದಲ್ಲಿ ಪ್ರತ್ಯೇಕವಾಗಿರಿಸಿ ಬಲ್ಲವರಿಗೆ ತೋರಿಸುವುದು ಲೇಸು.

ಶುಚಿಗೊಳಿಸುವಿಕೆ

ಲಕ್ಷ್ಮೀಪೂಜೆಗೆ ಇಡುವ ಬೆಳ್ಳಿ ರೂಪಾಯಿಯನ್ನು ವಿಭೂತಿಯಿಂದ ಉಜ್ಜುವುದು, ತಾಮ್ರದ ಕಾಸನ್ನು ಹುಣಸೆಹಣ್ಣಿನಿಂದ ತಿಕ್ಕುವುದು ನಮ್ಮ ಮನೆಗಳಲ್ಲಿ ವಾಡಿಕೆ. ಪೂಜೆಯ ಮಟ್ಟಿಗೆ ಇದರಲ್ಲಿ ಆಕ್ಷೇಪವೇನೂ ಇಲ್ಲ. ಆದರೆ ಉಜ್ಜಿದಾಗ ಮೇಲ್ಮೈಯಲ್ಲಿ ಸೂಕ್ಷ್ಮ ಗೀರುಗಳು ಬೀಳುತ್ತವೆ. ಹುಣಸೆಯ ಆಮ್ಲ ಕಂದುಪೊರೆಯನ್ನು ಕರಗಿಸಿ ಹಸಿ ತಾಮ್ರವನ್ನು ಬಯಲಿಗೆ ತರುತ್ತದೆ. ಸಂಗ್ರಾಹಕರ ದೃಷ್ಟಿಯಲ್ಲಿ ಇಂತಹ ನಾಣ್ಯದ ಬೆಲೆ ಕುಗ್ಗುತ್ತದೆ, ಹೋದ ಪೊರೆ ಮೊದಲಿನಂತೆ ಮರಳುವುದೂ ಇಲ್ಲ. ಬೆಲೆಯೇರಿಸಲೆಂದು ಕಾಯಿಸಿ ಅಥವಾ ಗಂಧಕ ಸೋಕಿಸಿ ಕೃತಕವಾಗಿ ಬಣ್ಣ ಬರಿಸುವವರೂ ಉಂಟು.

ಪಿವಿಸಿ ಪ್ಲಾಸ್ಟಿಕ್ಕಿನ ಚೀಲಗಳಲ್ಲಿ ಬಹುಕಾಲ ಇಟ್ಟ ನಾಣ್ಯಗಳಿಗೆ ಹಸಿರು ಅಂಟು ಹಿಡಿಯುತ್ತದೆ. ಇದನ್ನು ಉಜ್ಜದೆ, ಶುದ್ಧ ಅಸಿಟೋನಿನಲ್ಲಿ ಅದ್ದಿ ಕರಗಿಸಬಹುದು. ಅಸಿಟೋನು ಬೇಗ ಹೊತ್ತಿಕೊಳ್ಳುವುದರಿಂದ ಬೆಂಕಿಯಿಂದ ದೂರ, ಗಾಳಿಯಾಡುವಲ್ಲಿ ಈ ಕೆಲಸ ಮಾಡಬೇಕು.