ಪಾಪ, ಅಪರಾಧ ಮತ್ತು ದಂಡಿನ ಚರ್ಚುಗಳು

ಭಾನುವಾರ ಬೆಳಿಗ್ಗೆ ಕೆ.ಆರ್.ಪುರದಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಹಲಸೂರು, ಶಿವಾಜಿನಗರದ ಕಡೆ ಹೊರಟು ನೋಡಿ. ಕನ್ನಡ, ತಮಿಳು, ಮಲಯಾಳ, ಇಂಗ್ಲಿಷ್ ಎಲ್ಲ ಭಾಷೆಯ ಪ್ರಾರ್ಥನೆಗಳೂ ಕಿವಿಗೆ ಬೀಳುತ್ತವೆ. ಕ್ಯಾಥೊಲಿಕ್, ಸಿ.ಎಸ್.ಐ., ಪೆಂಟೆಕೋಸ್ಟ್... ಇವರಲ್ಲಿ ನೂರೆಂಟು ಭಿನ್ನಾಭಿಪ್ರಾಯಗಳಿವೆ. ಆದರೆ ಸಲಿಂಗಕಾಮದ ಮಾತು ಬಂದರೆ ಹೆಚ್ಚುಕಡಿಮೆ ಎಲ್ಲರ ಬೋಧನೆಯೂ ಒಂದೇ: ಅದು ಪಾಪ.

ಸರಿ, ಅದು ಅವರ ಬೋಧನೆ. ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ ಪ್ರಶ್ನೆ. ಈ ಪಾಪ ಜೈಲಿಗೆ ಹಾಕುವಂಥ ಅಪರಾಧ ಆಗಿದ್ದು ಯಾವಾಗ? ಆ ಗಂಟು ಬಿಚ್ಚಿದವರು ಯಾರು? ಕೆದಕುತ್ತಾ ಹೋದರೆ ಈ ಕಥೆಯೊಳಗೆ ನಮ್ಮ ಬೆಂಗಳೂರು ದಂಡೂ ಇದೆ.

ಶುರುವಾಗುವುದು ಇಂಗ್ಲೆಂಡಿನಲ್ಲಿ. ಅಲ್ಲಿ ಮೊದಲು ಇಂಥ ವಿಷಯಗಳು ಚರ್ಚಿನ ನ್ಯಾಯಾಲಯಕ್ಕೆ ಸೇರಿದ್ದವು. 1533ರಲ್ಲಿ, ದೊರೆ ಎಂಟನೇ ಹೆನ್ರಿ ಪೋಪ್ ಜೊತೆ ಜಗಳಕ್ಕೆ ಬಿದ್ದಿದ್ದ ಹೊತ್ತಿನಲ್ಲಿ, ಪಾರ್ಲಿಮೆಂಟ್ ಒಂದು ಕಾಯ್ದೆ ಮಾಡಿ ಇದನ್ನು ಸರ್ಕಾರದ ಕೋರ್ಟಿಗೆ ವರ್ಗಾಯಿಸಿತು. ಶಿಕ್ಷೆ ಮರಣದಂಡನೆ! ಪಾದ್ರಿಯ ಕೈಯಲ್ಲಿದ್ದ ಪಾಪ ಹೀಗೆ ಗಲ್ಲುಗಾರನ ಕೈಗೆ ಬಂತು. ಇದಕ್ಕಾಗಿ ಇಂಗ್ಲೆಂಡಿನಲ್ಲಿ ಕೊನೆಯ ಬಾರಿ ಇಬ್ಬರನ್ನು ಗಲ್ಲಿಗೇರಿಸಿದ್ದು 1835ರಲ್ಲಿ.

ಅದಾದ ಎರಡೇ ವರ್ಷಕ್ಕೆ, 1837ರಲ್ಲಿ, ಮೆಕಾಲೆಯ ಆಯೋಗ ಭಾರತಕ್ಕೊಂದು ದಂಡಸಂಹಿತೆಯ ಕರಡು ಸಿದ್ಧಪಡಿಸಿತು. ಅದು 1860ರಲ್ಲಿ ಕಾನೂನಾಗಿ 1862ರ ಜನವರಿ 1ರಿಂದ ಜಾರಿಗೆ ಬಂತು. ಅದರ 377ನೇ ಕಲಮು ‘ಪ್ರಕೃತಿಗೆ ವಿರುದ್ಧ’ವಾದ ಲೈಂಗಿಕ ಕ್ರಿಯೆಗೆ ಜೀವಾವಧಿಯವರೆಗೆ ಶಿಕ್ಷೆ ಇಟ್ಟಿತು. ನಮ್ಮ ದಂಡಿಗೆ ಈ ಕಾನೂನೂ ಆಂಗ್ಲಿಕನ್ ಚರ್ಚೂ ಬಂದಿದ್ದು ಒಂದೇ ಮನೆಯಿಂದ. 1809ರಲ್ಲಿ ದಂಡು ಪ್ರದೇಶ ಹುಟ್ಟಿತು. ಈಗಿನ ಎಂ.ಜಿ. ರಸ್ತೆಯ ಸೇಂಟ್ ಮಾರ್ಕ್ಸ್ ಚರ್ಚ್ 1812ರಲ್ಲಿ ಎದ್ದು ನಿಂತಿತು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದ ಮೇಲೂ ದಂಡು ಮಾತ್ರ 1947ರವರೆಗೆ ಬ್ರಿಟಿಷರ ಕೈಯಲ್ಲೇ ಉಳಿಯಿತು. ಅದೇ ವರ್ಷ ಸೆಪ್ಟೆಂಬರ್ 27ರಂದು ದಕ್ಷಿಣದ ಆಂಗ್ಲಿಕನ್, ಮೆಥಡಿಸ್ಟ್ ಮತ್ತಿತರ ಪಂಗಡಗಳು ಕೂಡಿ ಸಿ.ಎಸ್.ಐ. ಆಯಿತು. ಬ್ರಿಟಿಷರು ಹೋದರು, ಚರ್ಚು ದೇಶೀಯವಾಯಿತು, 377 ಮಾತ್ರ ಹಾಗೇ ಉಳಿಯಿತು.

ಇಲ್ಲೊಂದು ತಮಾಷೆ ನೋಡಿ. ಗಂಟು ಬಿಚ್ಚೋಕೆ ಮೊದಲು ಕೈ ಹಾಕಿದವರಲ್ಲಿ ಆ ಇಂಗ್ಲೆಂಡಿನ ಚರ್ಚಿನವರೇ ಇದ್ದರು. 1954ರಲ್ಲಿ ಚರ್ಚ್ ಆಫ್ ಇಂಗ್ಲೆಂಡಿನ ನೈತಿಕ ಕಲ್ಯಾಣ ಮಂಡಳಿ ಕಾನೂನು ಬದಲಾಗಬೇಕೆಂಬ ಅಭಿಪ್ರಾಯದ ವರದಿ ತಂದಿತು. ಮರುವರ್ಷ ಡೆರಿಕ್ ಶೆರ್ವಿನ್ ಬೇಲಿ ಎಂಬ ಪಾದ್ರಿ ಈ ವಿಷಯದಲ್ಲಿ ಕ್ರೈಸ್ತ ಪರಂಪರೆಯ ಇತಿಹಾಸವನ್ನೇ ಕೆದಕಿ ಒಂದು ಪುಸ್ತಕ ಬರೆದ. 1957ರಲ್ಲಿ ಸರ್ಕಾರ ನೇಮಿಸಿದ ವುಲ್ಫೆಂಡೆನ್ ಸಮಿತಿಯೂ ಅದೇ ಶಿಫಾರಸು ಮಾಡಿತು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಮೈಕೆಲ್ ರಾಮ್ಸೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಬೆಂಬಲಿಸಿದರು. 1967ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಾನೂನು ಬದಲಾಯಿತು. ಇದು ಪಾಪವಲ್ಲ ಅಂತ ರಾಮ್ಸೆ ಹೇಳಲಿಲ್ಲ. ಪಾಪವೆಲ್ಲ ಅಪರಾಧ ಆಗಬೇಕಿಲ್ಲ ಅಂತಷ್ಟೇ ಅವರ ವಾದ.

ಈ ವ್ಯತ್ಯಾಸ ಸಣ್ಣದೇನಲ್ಲ. ಪೊಲೀಸರಿಗೆ ಹೆದರಿ ಬದುಕುವವನು ಪಾದ್ರಿಯ ಮುಂದೆಯೂ ಬಾಯಿ ಬಿಡುವುದಿಲ್ಲ. ಬಾಯಿಯೇ ಬಿಡದವನಿಗೆ ಯಾವ ಆರೈಕೆ, ಯಾವ ಸಾಂತ್ವನ?

ಕ್ಯಾಥೊಲಿಕ್ಕರ ದಾರಿ ಬೇರೆ. 1986ರಲ್ಲಿ ವ್ಯಾಟಿಕನ್ ಬಿಷಪ್‌ಗಳಿಗೆ ಒಂದು ಪತ್ರ ಕಳಿಸಿತು. ಅದರ ವಿಷಯವೇ ಸಲಿಂಗಿಗಳ ಆಧ್ಯಾತ್ಮಿಕ ಆರೈಕೆ. ಅವರ ಮೇಲಿನ ಹಿಂಸೆಯನ್ನೂ ದ್ವೇಷದ ಮಾತನ್ನೂ ಆ ಪತ್ರ ಖಂಡಿಸಿತು. ಜೊತೆಗೇ, ಚರ್ಚಿನ ಬೋಧನೆಯನ್ನು ಒಪ್ಪದ ಸಂಘಟನೆಗಳಿಗೆ ಚರ್ಚಿನ ಕಟ್ಟಡಗಳಲ್ಲಿ ಜಾಗ ಕೊಡಬೇಡಿ ಎಂಬ ಧಾಟಿಯಲ್ಲೂ ಎಚ್ಚರಿಸಿತು. ಒಂದು ಕೈಯಲ್ಲಿ ಬಾಗಿಲು ತೆರೆದು ಇನ್ನೊಂದು ಕೈಯಲ್ಲಿ ಮುಚ್ಚಿದ ಹಾಗೆ! 1992ರ ಧರ್ಮಬೋಧೆಯ ಗ್ರಂಥದಲ್ಲೂ ಅದೇ ಎರಡು ಮಾತು: ಕ್ರಿಯೆ ತಪ್ಪು, ಆದರೆ ವ್ಯಕ್ತಿಯನ್ನು ಗೌರವದಿಂದ, ಕನಿಕರದಿಂದ ಕಾಣಬೇಕು. ಸಿ.ಎಸ್.ಐ. ಸದಸ್ಯವಾಗಿರುವ ಆಂಗ್ಲಿಕನ್ ಕೂಟದ ಬಿಷಪ್‌ಗಳು 1998ರಲ್ಲಿ ಲ್ಯಾಂಬೆತ್ ಸಮ್ಮೇಳನದಲ್ಲಿ ಮಾಡಿದ ನಿರ್ಣಯವೂ ಹೆಚ್ಚುಕಡಿಮೆ ಇದೇ. ಸಲಿಂಗಿಗಳ ಅನುಭವಕ್ಕೆ ಕಿವಿಗೊಡುತ್ತೇವೆ ಎಂಬ ಮಾತನ್ನೂ ಅದರಲ್ಲಿ ಸೇರಿಸಿದರು.

ಇನ್ನು ನಮ್ಮ ಕೋರ್ಟುಗಳ ಕಥೆ. 2009ರಲ್ಲಿ ದೆಹಲಿ ಹೈಕೋರ್ಟ್ 377ರ ಹಲ್ಲು ಕಿತ್ತಿತು, 2013ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹಲ್ಲು ಕಟ್ಟಿಸಿತು. ಆಗ ಮುಂಬೈಯ ಕಾರ್ಡಿನಲ್ ಆಸ್ವಾಲ್ಡ್ ಗ್ರೇಸಿಯಸ್, ಮದುವೆಯನ್ನು ಒಪ್ಪದಿದ್ದರೂ ಸಲಿಂಗಿಗಳನ್ನು ಚರ್ಚು ಎಂದೂ ಅಪರಾಧಿಗಳೆಂದು ನೋಡಿಲ್ಲ ಅಂದರು. ಕಾನೂನು ಇರಲೇಬೇಕು ಅಂತ ಕೋರ್ಟಿನಲ್ಲಿ ವಾದಿಸಿದ ಕ್ರೈಸ್ತ ಸಂಘಟನೆಗಳೂ ಇದ್ದವು. ನಮ್ಮೂರಿನಲ್ಲೂ ಚರ್ಚೆ ನಡೆಯುತ್ತಿತ್ತು. 1957ರಿಂದ ಇರುವ, ಧರ್ಮ ಮತ್ತು ಸಮಾಜದ ಅಧ್ಯಯನಕ್ಕೆ ಮೀಸಲಾದ ಬೆಂಗಳೂರಿನ ಕ್ರೈಸ್ತ ಸಂಸ್ಥೆ ಸಿ.ಐ.ಎಸ್.ಆರ್.ಎಸ್., ಚರ್ಚಿನೊಳಗಿನ ಸಲಿಂಗಿದ್ವೇಷವನ್ನೇ ಪ್ರಶ್ನಿಸುವ ಲೇಖನಗಳ ಪುಸ್ತಕವನ್ನು 2015ರಲ್ಲಿ ತಂದಿತು. ಇಂಗ್ಲಿಷಿನಲ್ಲಿ, ಎಂದಿನಂತೆ. ಕೊನೆಗೆ 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಒಪ್ಪಿ ನಡೆಸುವ ಸಂಬಂಧ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಇಂಗ್ಲೆಂಡ್ ಬಿಟ್ಟು 51 ವರ್ಷಕ್ಕೆ ನಾವು ಬಿಟ್ಟೆವು.

ಅಲ್ಲಿಗೆ ಕಥೆ ಮುಗೀತಾ? ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಗೆಳೆಯ ಚರ್ಚಿನ ಗಾಯಕವೃಂದದಲ್ಲಿ ಹಾಡುತ್ತಾನೆ. ತೀರ್ಪು ಬಂದು ಎಷ್ಟೋ ದಿನವಾದ ಮೇಲೆ ಒಂದು ಸಂಜೆ ಟೀ ಕುಡಿಯುತ್ತಾ ಹೇಳಿದ: “ಕೋರ್ಟು ನನ್ನನ್ನ ಬಿಟ್ಟಾಯ್ತು ಮಾರಾಯಾ. ಫಾದರ್ ಹತ್ರ ಹೇಳಿದ್ರೆ ಮುಂದಿನ ವಾರ ಹಾಡೋಕೆ ಬಿಡ್ತಾರಾ?” ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಯಾರಿಗೂ ಹೇಳುವಂತಿಲ್ಲ, ಅದನ್ನಿಟ್ಟುಕೊಂಡು ಹೇಳಿದವನಿಗೆ ತೊಂದರೆ ಕೊಡುವಂತೆಯೂ ಇಲ್ಲ. ಚರ್ಚಿನ ಕಾನೂನೇ ಹಾಗಿದೆ. ಅದು ಅವನಿಗೂ ಗೊತ್ತು. “ಆ ಪೆಟ್ಟಿಗೆ ಒಳಗೆ ಧೈರ್ಯ ಉಂಟು, ಹೊರಗೆ ಬಂದ ಮೇಲೆ ಇಲ್ಲ” ಅಂದ. ನನ್ನಲ್ಲಿ ಉತ್ತರ ಇರಲಿಲ್ಲ.

ಇನ್ನೊಂದು ವಿಷಯ. ಸಲಿಂಗಿಗಳನ್ನು ‘ವಾಸಿ ಮಾಡುತ್ತೇವೆ’ ಅನ್ನುವ ಚಿಕಿತ್ಸೆ ವೃತ್ತಿಗೆ ತಕ್ಕುದಲ್ಲದ ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿತು. ಅದು ಡಾಕ್ಟರುಗಳಿಗೆ. ಗಾಬರಿಯಾದ ಅಪ್ಪ ಅಮ್ಮ ಮಗನನ್ನು ‘ಬಿಡುಗಡೆ’ಯ ಪ್ರಾರ್ಥನೆಗೆ ಕರೆದುಕೊಂಡು ಹೋದರೆ ಅಲ್ಲಿ ಆಯೋಗದ ಮಾತು ನಡೆಯುವುದಿಲ್ಲ. ಅಲ್ಲಿರುವ ಪಾಸ್ಟರ್ ಏನು ಹೇಳುತ್ತಾರೋ ಅದೇ ಅಂತಿಮ.

ಹಾಗಾಗಿ ನನಗನ್ನಿಸುವುದು ಇಷ್ಟು. ಚರ್ಚು ತನ್ನ ಬೋಧನೆ ಬದಲಿಸಬೇಕೋ ಬೇಡವೋ, ಅದನ್ನು ಅವರೇ ಚರ್ಚಿಸಲಿ. 2023ರ ಡಿಸೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ಕಾಲದ ವ್ಯಾಟಿಕನ್, ಮದುವೆಯ ವಿಧಿಯನ್ನು ಹೋಲದಂತೆ ಸಲಿಂಗಿ ಜೋಡಿಗಳಿಗೂ ಆಶೀರ್ವಾದ ನೀಡಬಹುದು ಅಂದಾಗ ಎದ್ದ ಗಲಾಟೆ ನೋಡಿದರೆ, ಅದು ಬೇಗ ಮುಗಿಯುವ ಚರ್ಚೆಯಲ್ಲ. ಆದರೆ ಗೌರವ, ಕನಿಕರ, ಕಿವಿಗೊಡುವುದು, ಇವು ಯಾರೋ ಹೊರಗಿನವರು ಹೇರಿದ ಮಾತುಗಳಲ್ಲ. ಅವರದೇ ಗ್ರಂಥ, ಅವರದೇ ನಿರ್ಣಯಗಳಲ್ಲಿ ದಶಕಗಳಿಂದ ಅಚ್ಚಾಗಿ ಕೂತಿವೆ. ಪಾಪದ ಬಗ್ಗೆ ಇರುವ ಅರ್ಧವನ್ನು ಕನ್ನಡದ ಪ್ರಸಂಗದಲ್ಲಿ ಹೇಳೋಕಾಗುತ್ತೆ ಅಂದಮೇಲೆ, ಉಳಿದರ್ಧವನ್ನೂ ಕನ್ನಡದಲ್ಲೇ ಹೇಳಬಹುದಲ್ವಾ?

ನಿಮ್ಮೂರಿನ ಚರ್ಚಿನಲ್ಲಿ ಆ ಉಳಿದರ್ಧ ಯಾವತ್ತಾದರೂ ನಿಮ್ಮ ಕಿವಿಗೆ ಬಿದ್ದಿದ್ದರೆ ದಯವಿಟ್ಟು ಬರೆಯಿರಿ. ಗೆಳೆಯನಿಗೆ ಹೇಳಬೇಕು.