ಗೋಡೆ ದಾಟಿದ ನೀರಿನ ಲೆಕ್ಕ

ಕಡಲಿಗೆ ಕಟ್ಟಿದ ಗೋಡೆ ಅಲೆಯ ಹೊಡೆತಕ್ಕೆ ಎದೆಯೊಡೆದು ಬೀಳುತ್ತದೆ ಎಂದೇ ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಎಷ್ಟೋ ಗೋಡೆಗಳು ಬಿದ್ದದ್ದು ಹಾಗಲ್ಲ. ಬುಡದ ಮರಳು ಕೊಚ್ಚಿಹೋಗಿ ಕೆಲವು ಕುಸಿದವು. ನೆತ್ತಿ ದಾಟಿ ಬಂದ ನೀರು ಬೆನ್ನ ಕಡೆಯಿಂದ ಕೊರೆದು ಇನ್ನು ಕೆಲವನ್ನು ಕೆಡವಿತು. ಇದನ್ನು ಲೆಕ್ಕಕ್ಕೆ ತರಲು ಎಂಜಿನಿಯರರಿಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

ಅಲೆಯ ಬಲವನ್ನು ಅಳೆಯಲು ಮೊದಲು ಹೊರಟವರಲ್ಲಿ ಪ್ರಮುಖ ಸ್ಕಾಟ್ಲೆಂಡಿನ ಥಾಮಸ್ ಸ್ಟೀವನ್‌ಸನ್, ಕಾದಂಬರಿಕಾರ ರಾಬರ್ಟ್ ಲೂಯಿಸ್ ಸ್ಟೀವನ್‌ಸನ್ನರ ತಂದೆ. 1840ರ ದಶಕದಲ್ಲಿ ಸ್ಕೆರಿವೋರ್ ದೀಪಸ್ತಂಭದ ಬಂಡೆಗಳ ಮೇಲೆ ಸ್ಪ್ರಿಂಗ್ ಜೋಡಿಸಿದ ಉಪಕರಣಗಳನ್ನು ನೆಟ್ಟು, ಚದರ ಮೀಟರಿಗೆ ಸುಮಾರು 30 ಟನ್ನಿನ ಒತ್ತಡವನ್ನು ಅವರು ದಾಖಲಿಸಿದರು. ಅಳೆದವರಿಗೂ ಕಡಲು ರಿಯಾಯಿತಿ ಕೊಡಲಿಲ್ಲ. ವಿಕ್ ಎಂಬಲ್ಲಿ ಸ್ಟೀವನ್‌ಸನ್ ಕುಟುಂಬ ಕಟ್ಟಿಸಿದ ಅಲೆತಡೆಯ ತುದಿಯಲ್ಲಿದ್ದ 1350 ಟನ್ನಿನ ಕಾಂಕ್ರೀಟ್ ರಾಶಿಯನ್ನು 1872ರ ಡಿಸೆಂಬರ್ ಬಿರುಗಾಳಿ ಕಿತ್ತು ಹೊರಳಿಸಿತು. ಅದರ ಜಾಗದಲ್ಲಿ ಕೂರಿಸಿದ 2600 ಟನ್ನಿನ ರಾಶಿಯೂ 1877ರಲ್ಲಿ ಕದಲಿತು. ನಮ್ಮ ಪಕ್ಕದ ಮದ್ರಾಸಿನಲ್ಲಿ, ಮುಗಿಯುತ್ತ ಬಂದಿದ್ದ ಬಂದರಿನ ಅಲೆತಡೆಗಳ ಬಹುಭಾಗವನ್ನು 1881ರ ನವೆಂಬರ್ ಚಂಡಮಾರುತ ನೆಲಸಮ ಮಾಡಿತು. ಅಂದಾಜಿನ ಮೇಲೆ ಭಾರ ಹೆಚ್ಚಿಸಿದರೆ ಸಾಕು ಎಂಬ ನಂಬಿಕೆಗೆ ಅಲ್ಲಿಂದಲೇ ಪೆಟ್ಟು ಬೀಳತೊಡಗಿತು.

ಹಾಗಾದರೆ ಎಷ್ಟು ಭಾರ? ಸ್ಪೇನಿನ ಇರಿಬಾರೆನ್ 1938ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ಅಮೆರಿಕದ ವಿಕ್ಸ್‌ಬರ್ಗ್ ಪ್ರಯೋಗಾಲಯದ ಹಡ್ಸನ್ 1950ರ ದಶಕದಲ್ಲಿ ಅದನ್ನು ತಿದ್ದಿ ಸರಳಗೊಳಿಸಿದರು. ಹಡ್ಸನ್ ಸೂತ್ರದ ತಿರುಳು ಇಷ್ಟು: ಬೇಕಾದ ಕಲ್ಲಿನ ತೂಕ ಅಲೆಯ ಎತ್ತರದ ಘನಕ್ಕೆ ತಕ್ಕಂತೆ ಏರುತ್ತದೆ. ಅಲೆ ಎರಡು ಪಟ್ಟಾದರೆ ಕಲ್ಲು ಎಂಟು ಪಟ್ಟಾಗಬೇಕು. ಅಷ್ಟು ದೊಡ್ಡ ಕಲ್ಲು ಕ್ವಾರಿಯಲ್ಲಿ ಸಿಗದಾದಾಗ ಕಾಂಕ್ರೀಟ್ ಆಕೃತಿಗಳು ಬಂದವು. ಮುಂಬೈಯ ಮರೀನ್ ಡ್ರೈವ್‌ನಲ್ಲಿ ನಾವು ನೋಡುವ ನಾಲ್ಕು ಕಾಲಿನ ಟೆಟ್ರಾಪಾಡ್ 1950ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಹುಟ್ಟಿದ್ದು. 1960ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್‌ನಿಂದ ಡೋಲೊಸ್ ಬಂತು. ಇವುಗಳ ಕಾಲುಗಳು ಒಂದಕ್ಕೊಂದು ಸಿಕ್ಕಿಕೊಂಡು ನಿಲ್ಲುವುದರಿಂದ ಕಡಿಮೆ ತೂಕದಲ್ಲೇ ದೊಡ್ಡ ಅಲೆಯನ್ನು ತಡೆಯಬಹುದು ಎಂಬುದು ಲೆಕ್ಕ.

ಆ ಲೆಕ್ಕ ಪೋರ್ಚುಗಲ್ಲಿನ ಸೀನೆಸ್‌ನಲ್ಲಿ ತಪ್ಪಿತು. ಸುಮಾರು 50 ಮೀಟರ್ ಆಳದ ನೀರಿನಲ್ಲಿ 42 ಟನ್ನಿನ ಡೋಲೊಸ್‌ಗಳನ್ನು ಹೊದಿಸಿ ಕಟ್ಟಿದ್ದ ಅಲೆತಡೆ 1978ರ ಫೆಬ್ರವರಿಯ ಬಿರುಗಾಳಿಗೆ ತನ್ನ ಕವಚದ ಬಹುಪಾಲನ್ನು ಕಳೆದುಕೊಂಡಿತು. ಡೋಲೊಸ್‌ಗಳು ಜಾಗ ಬಿಟ್ಟು ಉರುಳಿದ್ದಷ್ಟೇ ಅಲ್ಲ, ಸಣ್ಣ ನಡುವಿನಲ್ಲಿ ಮುರಿದವು. ಪ್ರಯೋಗಾಲಯದ ಕಿರುಮಾದರಿಯಲ್ಲಿ ಗಾತ್ರ, ತೂಕ, ಅಲೆ ಎಲ್ಲವನ್ನೂ ತಕ್ಕ ಪ್ರಮಾಣದಲ್ಲಿ ಇಳಿಸಬಹುದು. ವಸ್ತುವಿನ ಬಲ ಹಾಗೆ ಇಳಿಯುವುದಿಲ್ಲ. ಅಂಗೈಯಷ್ಟಗಲದ ಡೋಲೊಸ್ ಎಷ್ಟು ಉರುಳಾಡಿದರೂ ಮುರಿಯದು. 42 ಟನ್ನಿನದು ತೂಗಾಡಿದರೂ ಮುರಿಯಬಹುದು. ಈ ಶಾಸ್ತ್ರದ ಚರಿತ್ರೆಯಲ್ಲಿ ಇಷ್ಟು ದುಬಾರಿಯಾದ, ಇಷ್ಟು ಉಪಯುಕ್ತವಾದ ಸೋಲು ಬೇರೊಂದಿಲ್ಲ ಎಂದು ನನಗನಿಸುತ್ತದೆ. ಆಮೇಲಿನ ಆಕೃತಿಗಳು ಗಿಡ್ಡವಾದವು, ಗಟ್ಟಿಯಾದವು. 1981ರ ಆಕ್ರೊಪೋಡ್ ಅಂಥದ್ದು.

ಹಡ್ಸನ್ ಸೂತ್ರಕ್ಕೆ ಇನ್ನೊಂದು ಕೊರತೆಯಿತ್ತು. ಎಲ್ಲ ಅಲೆಗಳೂ ಒಂದೇ ಎತ್ತರ ಎಂದು ಅದು ಹಿಡಿಯುತ್ತಿತ್ತು. ನಿಜವಾದ ಕಡಲಿನಲ್ಲಿ ಸಣ್ಣವೂ ದೊಡ್ಡವೂ ಬೆರೆತು ಬರುತ್ತವೆ, ಬಿರುಗಾಳಿ ಗಂಟೆಗಟ್ಟಲೆ ನಡೆಯುತ್ತದೆ. ಜಪಾನಿನ ಯೋಶಿಮಿ ಗೋಡಾ 1970ರ ದಶಕದಲ್ಲಿ ನೇರ ಗೋಡೆಗಳ ಮೇಲಿನ ಒತ್ತಡವನ್ನು ಇಂಥ ಮಿಶ್ರ ಅಲೆಗಳಿಗೆ ತಕ್ಕಂತೆ ಬರೆದರು. ಕಲ್ಲಿನ ಇಳಿಜಾರುಗಳಿಗೆ ಅದೇ ಕೆಲಸವನ್ನು ಡೆಲ್ಫ್ಟ್‌ನಲ್ಲಿ ವಾನ್ ಡರ್ ಮೇರ್ 1988ರಲ್ಲಿ ಮಾಡಿದರು. ಅಲೆಗಳ ನಡುವಿನ ಅಂತರ, ಅಲೆಗಳ ಸಂಖ್ಯೆ, ಒಳಗಿನ ಕಲ್ಲುರಾಶಿ ನೀರನ್ನು ಎಷ್ಟು ಹೀರಿಕೊಳ್ಳುತ್ತದೆ ಎಂಬುದು, ಎಷ್ಟು ಹಾನಿಯನ್ನು ನಾವು ಒಪ್ಪುತ್ತೇವೆ ಎಂಬುದು, ಎಲ್ಲವೂ ಸೂತ್ರದೊಳಗೆ ಬಂದವು. ಈ ಕೊನೆಯದು ಸಣ್ಣ ಮಾತಲ್ಲ. ಗೋಡೆ ಒಂದೋ ನಿಲ್ಲುತ್ತದೆ ಇಲ್ಲವೇ ಬೀಳುತ್ತದೆ ಎಂಬ ಹಳೆಯ ಯೋಚನೆಯನ್ನು ಅದು ಮುಗಿಸಿತು.

ಇದೆಲ್ಲ ಗೋಡೆಯ ಎದುರಿನ ಕಥೆ. ಅದರ ಬೆನ್ನಿನ ಕಥೆ ಶುರುವಾದದ್ದು ನೆದರ್ಲೆಂಡ್ಸ್‌ನಲ್ಲಿ. 1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರ ಉಕ್ಕಿತು. ಬೆಳಗಾಗುವಷ್ಟರಲ್ಲಿ ಡೈಕ್ ಎಂಬ ಮಣ್ಣಿನ ಏರಿಗಳು ಅಲ್ಲಲ್ಲಿ ಒಡೆದಿದ್ದವು. ಆ ದೇಶದಲ್ಲಿ 1836 ಜನ, ಇಂಗ್ಲೆಂಡಿನಲ್ಲಿ 307 ಜನ ಸತ್ತರು. ಒಡೆದ ಜಾಗಗಳನ್ನು ಪರಿಶೀಲಿಸಿದಾಗ ಕಂಡದ್ದು: ಅನೇಕ ಕಡೆ ಕಡಲ ಬದಿಯ ಕಲ್ಲುಹೊದಿಕೆ ಭದ್ರವಾಗಿತ್ತು. ನೆತ್ತಿ ದಾಟಿದ ನೀರು ಊರ ಬದಿಯ ಕಡಿದಾದ ಇಳಿಜಾರಿನ ಮಣ್ಣನ್ನು ಕೊರೆದು ಏರಿಯನ್ನು ಹಿಂದಿನಿಂದ ಕರಗಿಸಿತ್ತು. ಕೆರೆಯ ಏರಿಯ ಮೇಲೆ ನೀರು ಹರಿಯಬಾರದೆಂದೇ ಕೋಡಿ ಕಟ್ಟುವ ನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ.

ಮರುತಿಂಗಳೇ ನೇಮಕವಾದ ಡೆಲ್ಟಾ ಸಮಿತಿ ಪ್ರಶ್ನೆಯನ್ನೇ ಬದಲಿಸಿತು. ಹಿಂದೆ ಕಂಡ ಅತಿ ದೊಡ್ಡ ಪ್ರವಾಹಕ್ಕಿಂತ ತುಸು ಎತ್ತರ ಕಟ್ಟುವ ರೂಢಿಯನ್ನು ಬಿಟ್ಟು, ಮುಳುಗಿದರೆ ಆಗುವ ನಷ್ಟ ಎಷ್ಟು, ಏರಿ ಎತ್ತರಿಸುವ ಖರ್ಚು ಎಷ್ಟು ಎಂದು ತೂಗಿ ನೋಡಿತು. ಗಣಿತಜ್ಞ ವಾನ್ ಡಾಂಟ್ಸಿಗ್ ಈ ತೂಕಕ್ಕೆ ಗಣಿತದ ರೂಪ ಕೊಟ್ಟರು. ಮಧ್ಯ ಹಾಲೆಂಡಿಗೆ ವರ್ಷಕ್ಕೆ 10,000ದಲ್ಲಿ ಒಂದು ಪಾಲಿನ ಸಾಧ್ಯತೆಯುಳ್ಳ ಬಿರುಗಾಳಿಯನ್ನು ತಾಳಬೇಕೆಂಬ ಮಾನದಂಡ ಬಂತು. 1953ರಲ್ಲಿ ಹುಕ್ ವಾನ್ ಹಾಲೆಂಡಿನಲ್ಲಿ ನೀರು 3.85 ಮೀಟರ್ ಏರಿತ್ತು. ಹೊಸ ಮಟ್ಟ 5 ಮೀಟರ್.

ಎಷ್ಟೇ ಎತ್ತರ ಕಟ್ಟಿದರೂ ಒಂದಷ್ಟು ನೀರು ದಾಟಿಯೇ ದಾಟುತ್ತದೆ. ಎಷ್ಟು ದಾಟಬಹುದು ಎಂದು ಅಂದಾಜು ಮಾಡುವ ದಾರಿಯನ್ನು ಗೋಡಾ 1970ರಲ್ಲಿ, ಇಂಗ್ಲೆಂಡಿನ ವಾಲಿಂಗ್‌ಫರ್ಡ್‌ನ ಓವೆನ್ 1980ರಲ್ಲಿ ತೋರಿಸಿದರು. ಗೋಡೆಯ ಒಂದು ಮೀಟರ್ ಉದ್ದಕ್ಕೆ ಸೆಕೆಂಡಿಗೆ ಇಷ್ಟು ಲೀಟರ್ ಎಂಬುದು ಅದರ ಅಳತೆ. 2007ರಲ್ಲಿ ಯುರೋಪಿನ ಕೆಲವು ದೇಶಗಳು ಸೇರಿ ಹೊರತಂದ ಯುರೋಟಾಪ್ ಕೈಪಿಡಿ ಇದನ್ನು ದಿನಬಳಕೆಯ ಶಾಸ್ತ್ರವಾಗಿಸಿತು. ಅಪಾಯ ಗೊತ್ತಿದ್ದು ನಡೆಯುವ ಪಾದಚಾರಿಗೆ 0.1 ಲೀಟರ್, ತರಬೇತಿ ಪಡೆದ ಸಿಬ್ಬಂದಿಗೆ 1ರಿಂದ 10 ಲೀಟರ್ ಮಿತಿ ಎಂದು ಅದು ಬರೆಯಿತು. ಅದೇ ವರ್ಷದಿಂದ ಡಚ್ಚರು ನಿಜವಾದ ಏರಿಗಳ ನೆತ್ತಿಯ ಮೇಲೆ ದೊಡ್ಡ ನೀರಿನ ತೊಟ್ಟಿಯನ್ನಿಟ್ಟು, ಅಲೆ ದಾಟಿದಂತೆ ನೀರು ಸುರಿದು ಪರೀಕ್ಷಿಸಿದರು. ಬೇರು ಚೆನ್ನಾಗಿ ಹೆಣೆದ ಹುಲ್ಲು 30 ಲೀಟರನ್ನೂ ತಾಳಿಕೊಂಡಿತು. ಮರದ ಬುಡ, ಮೆಟ್ಟಿಲ ಅಂಚು, ಬಿಲ, ಇಂಥಲ್ಲೇ ಕೊರೆತ ಶುರುವಾಗುತ್ತಿತ್ತು. ಹುಲ್ಲು ಎಂಜಿನಿಯರಿಂಗ್ ವಸ್ತುವಾದ ಈ ಘಟ್ಟ ನನಗೆ ಇಡೀ ಚರಿತ್ರೆಯಲ್ಲಿ ಅತಿ ಪ್ರಿಯವಾದದ್ದು.

ಜಪಾನಿನ ಕಾಮೈಶಿಯಲ್ಲಿ 63 ಮೀಟರ್ ಆಳದಿಂದ ಎದ್ದ ಅಲೆತಡೆ 2009ರಲ್ಲಿ ಮುಗಿದು, 2011ರ ಸುನಾಮಿಗೆ ಉರುಳಿತು. ಅಲ್ಲಿಯೂ ದಾಟಿದ ನೀರು ಹಿಂಬದಿಯ ಕಲ್ಲುಗುಡ್ಡೆಯನ್ನು ಕೊರೆದಿತ್ತು. ಆದರೂ ಅದು ಸುನಾಮಿಯ ಎತ್ತರವನ್ನು ತಗ್ಗಿಸಿ, ಕೆಲವು ನಿಮಿಷ ತಡೆದಿತ್ತು ಎಂದು ಲೆಕ್ಕಾಚಾರಗಳು ಹೇಳಿದವು. ಬಿದ್ದರೂ ತಡವಾಗಿ ಬೀಳುವಂತೆ ಕಟ್ಟಬೇಕು ಎಂಬುದು ಅಲ್ಲಿಂದ ಮುಂದೆ ವಿನ್ಯಾಸದ ಗುರಿಗಳಲ್ಲಿ ಒಂದಾಯಿತು.

ನಮ್ಮ ಕರಾವಳಿಯಲ್ಲಿ ಈ ವಿದ್ಯೆಗೆ ಕೊರತೆಯಿಲ್ಲ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಕೃತಕ ಅಲೆಯ ಕಾಲುವೆಯಿದೆ, ಪುಣೆಯ ಕೇಂದ್ರ ಜಲ ಸಂಶೋಧನಾಲಯ 1916ರಿಂದ ಇದೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಉಳ್ಳಾಲದಲ್ಲಿ ದಡದಾಚೆ ನೀರಿನೊಳಗೆ ರೀಫ್‌ಗಳನ್ನು ಕಟ್ಟಿ, ಅಲೆ ದಡಕ್ಕೆ ಬರುವ ಮೊದಲೇ ಒಡೆಯುವಂತೆ ಮಾಡಲಾಗಿದೆ. ಹಾಗಿದ್ದೂ ಮಳೆಗಾಲದ ಕಡಲ್ಕೊರೆತಕ್ಕೆ ಮೊದಲು ಒದಗುವ ಉತ್ತರ ಲಾರಿಯಲ್ಲಿ ತಂದು ಸುರಿಯುವ ಕಲ್ಲು. ಕೆಳಗೆ ಮರಳು ತಡೆಯುವ ಜವಳಿಹಾಸು (ಜಿಯೋಟೆಕ್ಸ್‌ಟೈಲ್) ಅಥವಾ ಜಲ್ಲಿಯ ಪದರವಿಲ್ಲದೆ ಮರಳಿನ ಮೇಲೆಯೇ ಸುರಿದ ಕಲ್ಲು ಹೂತುಹೋಗುತ್ತದೆ. ಅಲೆಯ ಸೆಳೆತ ಸಂದಿಗಳ ಮೂಲಕ ಮರಳನ್ನು ಹೀರುವುದೇ ಅದಕ್ಕೆ ಕಾರಣ. ಇನ್ನು ಮರವಂತೆಯಂಥಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ. ಅಲ್ಲಿ ಗೋಡೆ ಉಳಿಯುತ್ತದೆಯೇ ಎಂಬುದರ ಜೊತೆಗೆ, ಮೀಟರಿಗೆ ಎಷ್ಟು ಲೀಟರ್ ದಾಟಿದಾಗ ವಾಹನ ನಿಲ್ಲಿಸಬೇಕು ಎಂಬುದನ್ನೂ ಕೇಳಬೇಕು.

ದಡದ ಬಳಿ ಅಲೆಯ ಎತ್ತರವನ್ನು ನಿರ್ಧರಿಸುವುದು ಅಲ್ಲಿನ ನೀರಿನ ಆಳ. ಆಳ ಕಡಿಮೆಯಾದರೆ ದೊಡ್ಡ ಅಲೆ ಮುಂಚೆಯೇ ಒಡೆಯುತ್ತದೆ. ಗೋಡೆಯ ಬುಡದಲ್ಲಿ 2 ಮೀಟರ್ ಇದ್ದ ಆಳ 2.3 ಮೀಟರ್ ಆದರೆ ಅಲೆ ಸುಮಾರು ಶೇ. 15ರಷ್ಟು ಎತ್ತರವಾಗುತ್ತದೆ. ಹಡ್ಸನ್ನರ ಘನದ ಲೆಕ್ಕದಲ್ಲಿ ಕಲ್ಲಿನ ತೂಕ ಒಂದೂವರೆ ಪಟ್ಟಾಗಬೇಕು. ಜಗತ್ತಿನ ಸಮುದ್ರಮಟ್ಟ 1901ರಿಂದ 2018ರ ನಡುವೆ ಸರಾಸರಿ 20 ಸೆಂಟಿಮೀಟರ್ ಏರಿದೆ. ಆದರೆ ಆ 30 ಸೆಂಟಿಮೀಟರಿಗಾಗಿ ಶತಮಾನ ಕಾಯಬೇಕಿಲ್ಲ: ಗೋಡೆಯೆದುರಿನ ಮರಳನ್ನು ಒಂದೇ ಮಳೆಗಾಲ ಅಷ್ಟು ತಗ್ಗಿಸಬಲ್ಲದು. ಡಚ್ಚರು 1990ರಿಂದ ದಡಕ್ಕೆ ಮರಳು ತುಂಬುವುದನ್ನೇ ರಾಷ್ಟ್ರನೀತಿ ಮಾಡಿಕೊಂಡು, 2011ರಲ್ಲಿ ಒಂದೇ ಜಾಗದಲ್ಲಿ 2.15 ಕೋಟಿ ಘನ ಮೀಟರ್ ಮರಳು ಸುರಿದದ್ದು ಈ ಕಾರಣಕ್ಕೆ. ನಮ್ಮಲ್ಲಿ ಅಳಿವೆಯ ಹೂಳೆತ್ತುವ ಕೆಲಸವೂ ಕಡಲ್ಕೊರೆತ ತಡೆಯುವ ಕೆಲಸವೂ ಬೇರೆಬೇರೆ ಕಡತಗಳಲ್ಲಿ ಸಾಗುವ ಬದಲು ಒಂದೇ ನಕ್ಷೆಯಲ್ಲಿ ಕೂಡಬೇಕು. ಎತ್ತಿದ ಶುದ್ಧ ಮರಳು ಪಕ್ಕದ ಸವೆದ ದಡಕ್ಕೇ ಹೋಗಬೇಕು.