ಹಳೆಯ ಮೋಟಾರು ಗಾಡಿಗಳ ದೋಷನಿದಾನ: ಒಂದು ಚಾರಿತ್ರಿಕ ವಿವೇಚನೆ

ಯಂತ್ರಗಳ ಚರಿತ್ರೆಯೆಂದು ನಾವು ಓದುವುದು ಬಹುಮಟ್ಟಿಗೆ ಅವುಗಳನ್ನು ನಿರ್ಮಿಸಿದವರ ಚರಿತ್ರೆ. ಯಾವ ಯಂತ್ರ ಯಾವ ವರ್ಷ ಹುಟ್ಟಿತು, ಅದರ ಹಕ್ಕುಪತ್ರ ಯಾರ ಹೆಸರಿನಲ್ಲಿತ್ತು ಎಂಬ ಸಂಗತಿಗಳಿಗೆ ದೊರೆತ ಗಮನವು, ಆ ಯಂತ್ರ ನಿಂತುಹೋದಾಗ ಕೆಟ್ಟುದು ಯಾವುದೆಂದು ಜನ ಹೇಗೆ ಕಂಡುಕೊಂಡರು ಎಂಬುದಕ್ಕೆ ದೊರೆತಿಲ್ಲ. ಮೋಟಾರು ಗಾಡಿಯ ವಿಷಯದಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ಗಾಡಿಯ ದೋಷವನ್ನು ಗುರುತಿಸುವ ವಿದ್ಯೆ ಗಾಡಿಯೊಡನೆಯೇ ಪೂರ್ಣವಾಗಿ ಹುಟ್ಟಿದುದಲ್ಲ. ೧೯೧೦ರಿಂದ ೧೯೧೨ರ ವರೆಗಿನ ಅವಧಿಯಲ್ಲಿ ವಿದ್ಯುತ್ ವ್ಯವಸ್ಥೆಯಲ್ಲಾದ ಒಂದು ಮಾರ್ಪಾಡಿನ ಫಲವಾಗಿ ಅದು ಪ್ರತ್ಯೇಕ ವಿದ್ಯೆಯಾಗಿ ಬೆಳೆಯಿತು ಎಂಬುದು ಈ ಲೇಖಕನ ಅಭಿಪ್ರಾಯ.

೧೮೮೮ರ ಆಗಸ್ಟ್ ತಿಂಗಳಲ್ಲಿ ಬರ್ಥಾ ಬೆಂಜ್ ಅವರು ತಮ್ಮ ಇಬ್ಬರು ಗಂಡುಮಕ್ಕಳೊಡನೆ, ಪತಿ ಕಾರ್ಲ್ ಬೆಂಜ್ ನಿರ್ಮಿಸಿದ ಮೂರು ಚಕ್ರದ ಗಾಡಿಯಲ್ಲಿ, ಜರ್ಮನಿಯ ಮಾನ್‌ಹೈಮ್ ನಗರದಿಂದ ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಕ್ರಮಿಸಿದರು. ನಡುದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಅದನ್ನು ಬಿಡಿಸಿದರೆಂದೂ, ಕಿಡಿಯ ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನು ಸುತ್ತಿ ಕೆಲಸ ಸಾಗಿಸಿದರೆಂದೂ ಪ್ರಸಿದ್ಧವಾದ ವೃತ್ತಾಂತ ಹೇಳುತ್ತದೆ. ಒಂದು ಇಂಧನದ ದೋಷ, ಮತ್ತೊಂದು ವಿದ್ಯುತ್ತಿನ ದೋಷ. ಮುಂದೆ ನೂರು ವರ್ಷಗಳ ಕಾಲ ಗ್ಯಾರೇಜುಗಳಿಗೆ ಅನ್ನ ಹಾಕಿದ ಎರಡು ಪಂಗಡಗಳೂ ಮೊದಲ ದೂರಪ್ರಯಾಣದಲ್ಲಿಯೇ ಕಾಣಿಸಿಕೊಂಡುವು. ಆದರೆ ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಎರಡೂ ಸಂದರ್ಭಗಳಲ್ಲಿ ದೋಷವೂ ಅದರ ಲಕ್ಷಣವೂ ಹತ್ತಿರಹತ್ತಿರದಲ್ಲಿಯೇ ಇದ್ದುವು.

ಮೊದಲ ಇಪ್ಪತ್ತು ಮೂವತ್ತು ವರ್ಷ ಈ ಸ್ಥಿತಿ ಹೆಚ್ಚು ಬದಲಾಗಲಿಲ್ಲ. ೧೯೦೨ರಲ್ಲಿ ಬಾಷ್ ಕಾರ್ಖಾನೆಯ ಗಾಟ್ಲೋಬ್ ಹೊನೊಲ್ಡ್ ಸಿದ್ಧಪಡಿಸಿದ ಅಧಿಕ ಒತ್ತಡದ ಮ್ಯಾಗ್ನೆಟೊ ತನ್ನ ವಿದ್ಯುತ್ತನ್ನು ತಾನೇ ಉತ್ಪಾದಿಸಿಕೊಳ್ಳುತ್ತಿತ್ತು. ಅದಕ್ಕೆ ದೀಪದ ಹಂಗೂ ಇಲ್ಲ, ಬ್ಯಾಟರಿಯ ಹಂಗೂ ಇಲ್ಲ. ೧೯೦೮ರಲ್ಲಿ ಹೊರಬಂದ ಫೋರ್ಡ್ ಕಂಪನಿಯ ಮಾಡೆಲ್ ಟಿ ಗಾಡಿಯಲ್ಲಿ ನಾಲ್ಕು ಸಿಲಿಂಡರುಗಳಿಗೆ ನಾಲ್ಕು ಸುರುಳಿಗಳು ಮರದ ಪೆಟ್ಟಿಗೆಯೊಂದರಲ್ಲಿ ಕುಳಿತಿದ್ದುವು. ಇಂಜಿನ್ ಕುಂಟಿದರೆ ಚಾಲಕನು ಸುರುಳಿಗಳ ಮೇಲಣ ಕಂಪಿಸುವ ಪಟ್ಟಿಗಳನ್ನು ಬೆರಳಿನಿಂದ ಒಂದೊಂದಾಗಿ ಅದುಮಿ ಹಿಡಿಯುತ್ತಿದ್ದನು. ಯಾವುದನ್ನು ಅದುಮಿದರೆ ಇಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರು ಆ ಮೊದಲೇ ಸತ್ತಿದೆಯೆಂದು ಅರ್ಥ. ರೋಗಿಯ ನಾಡಿ ವೈದ್ಯನ ಬೆರಳಿಗೆ ಸಿಕ್ಕಂತೆಯೇ ಇದೂ.

ಮಾರ್ಪಾಡು ಬಂದುದು ಅಮೆರಿಕದ ಒಹಾಯೊ ಸಂಸ್ಥಾನದ ಡೇಟನ್ ನಗರದಿಂದ. ಅಲ್ಲಿಯ ಚಾರ್ಲ್ಸ್ ಕೆಟರಿಂಗ್ ಎಂಬ ಇಂಜಿನಿಯರು ೧೯೧೦ರ ಕ್ಯಾಡಿಲ್ಯಾಕ್ ಗಾಡಿಗೆ ಬ್ಯಾಟರಿ, ಒಂದೇ ಸುರುಳಿ ಮತ್ತು ಸಂಪರ್ಕಬಿಂದುಗಳಿಂದ ಕಿಡಿ ಹೊತ್ತಿಸುವ ವ್ಯವಸ್ಥೆಯನ್ನೂ, ೧೯೧೨ರ ಕ್ಯಾಡಿಲ್ಯಾಕಿಗೆ ವಿದ್ಯುತ್ ಸ್ಟಾರ್ಟರನ್ನೂ ಒದಗಿಸಿದರು. ಅವರ ಸಂಸ್ಥೆಯ ಹೆಸರಿನ ಸಂಕ್ಷೇಪವಾದ ಡೆಲ್ಕೊ ಎಂಬುದು ಸ್ಪ್ಯಾನಿಷ್ ಭಾಷೆಯಲ್ಲಿ ಇಂದಿಗೂ ಡಿಸ್ಟ್ರಿಬ್ಯೂಟರಿಗೆ ಸಾಮಾನ್ಯ ನಾಮವಾಗಿದೆ. ಕೈಯಿಂದ ಹಿಡಿಕೆ ತಿರುವಿ ಮಣಿಕಟ್ಟು ಮುರಿದುಕೊಳ್ಳುವ ಕಷ್ಟ ತಪ್ಪಿತೆಂದು ಚರಿತ್ರಕಾರರು ಇದನ್ನು ಹೊಗಳಿದ್ದಾರೆ, ಅದು ಉಚಿತವೇ. ಆದರೆ ಇದರ ಇನ್ನೊಂದು ಪರಿಣಾಮವನ್ನು ಅವರು ಎಣಿಸಿಲ್ಲ. ಕಿಡಿ, ದೀಪ, ಸ್ಟಾರ್ಟರು, ಡೈನಮೊ, ಬ್ಯಾಟರಿ ಇವೆಲ್ಲವೂ ಒಂದೇ ಪ್ರವಾಹದಲ್ಲಿ ಸೇರಿಹೋದುವು. ಗಾಡಿಯ ಕಬ್ಬಿಣದ ಮೈಯೇ ಆ ಪ್ರವಾಹ ಹಿಂದಿರುಗುವ ದಾರಿಯಾಯಿತು. ಅಂದಿನಿಂದ ಒಂದು ಕಡೆ ಕೆಟ್ಟುದು ಇನ್ನೊಂದು ಕಡೆ ಕಾಣಿಸಿಕೊಳ್ಳತೊಡಗಿತು.

ಇದಕ್ಕೆ ಒಳ್ಳೆಯ ನಿದರ್ಶನವೊಂದುಂಟು. ಇಂಜಿನ್ ರಬ್ಬರಿನ ಮೆತ್ತೆಗಳ ಮೇಲೆ ಕುಳಿತಿರುವುದರಿಂದ ಅದಕ್ಕೂ ಗಾಡಿಯ ಮೈಗೂ ನಡುವೆ ತಾಮ್ರದ ಅರ್ತಿಂಗ್ ಪಟ್ಟಿಯೊಂದನ್ನು ಬಿಗಿದಿರುತ್ತಾರೆ. ಅದು ತುಕ್ಕು ಹಿಡಿದರೆ ಸ್ಟಾರ್ಟರಿನ ಭಾರಿ ಪ್ರವಾಹವು ಸಿಕ್ಕಿದ ದಾರಿಯನ್ನು ಹಿಡಿಯುತ್ತದೆ. ಅನೇಕ ವೇಳೆ ಚೋಕಿನ ಅಥವಾ ಆಕ್ಸಿಲರೇಟರಿನ ತಂತಿಯೇ ಆ ದಾರಿ. ತಂತಿ ಕಾಯುತ್ತದೆ, ಹೊಗೆಯಾಡುತ್ತದೆ. ಮಾಲೀಕನು ಚೋಕಿನ ತಂತಿಯನ್ನು ಬದಲಿಸುತ್ತಾನೆ, ಅದೂ ಸುಡುತ್ತದೆ. ಸಂಪರ್ಕಬಿಂದುಗಳದು ಇದಕ್ಕಿಂತ ಸೂಕ್ಷ್ಮ. ಅವುಗಳ ನಡುವಣ ಅಂತರ ಒಂದು ಅಂಗುಲದ ಸಾವಿರದಲ್ಲಿ ಹದಿನೈದು ಭಾಗದಷ್ಟು. ಬಿಂದುವನ್ನು ಎತ್ತುವ ನಾರಿನ ಹಿಮ್ಮಡಿ ಸವೆದಂತೆ ಈ ಅಂತರ ಕುಗ್ಗಿ, ಬಿಂದುಗಳು ತಡವಾಗಿ ತೆರೆದು, ಕಿಡಿ ತಡವಾಗಿ ಹಾರುತ್ತದೆ. ಆಗ ಎಳೆಯುವ ಶಕ್ತಿ ತಗ್ಗಿ ಇಂಜಿನ್ ಬಿಸಿಯೇರುತ್ತದೆ. ನೀರು ಕುದಿಯುವುದನ್ನು ಕಂಡವನು ರೇಡಿಯೇಟರನ್ನು ಬಿಚ್ಚುವುದು ಸಹಜ. ತಪ್ಪು ಇರುವುದು ಉಗುರಿನಷ್ಟು ಅಗಲದ ನಾರಿನ ತುಂಡಿನಲ್ಲಿ.

ಹೀಗೆ ಲಕ್ಷಣವೂ ಕಾರಣವೂ ಅಗಲಿಹೋದೆಡೆಯಲ್ಲಿಯೇ ನಿದಾನಶಾಸ್ತ್ರ ಹುಟ್ಟುತ್ತದೆ. ನಮ್ಮ ಆಯುರ್ವೇದದ ಆಚಾರ್ಯರು ರೋಗಪರೀಕ್ಷೆಗೆ ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂಬ ಐದು ಅಂಗಗಳನ್ನು ಹೇಳಿದ್ದಾರೆ. (ನಿದಾನವೆಂಬುದು ನಿಧಾನವಲ್ಲ, ಮಹಾಪ್ರಾಣವೊಂದರ ಅಂತರ. ಆದರೂ ಗ್ಯಾರೇಜಿನಲ್ಲಿ ಎರಡೂ ಬೇಕು.) ಈ ಐದರಲ್ಲಿ ಉಪಶಯವೆಂದರೆ ಮದ್ದನ್ನೋ ಪಥ್ಯವನ್ನೋ ಕೊಟ್ಟು, ಅದು ಹಿಡಿಸಿತೆ ಇಲ್ಲವೆ ಎಂಬುದರಿಂದ ರೋಗವನ್ನು ನಿರ್ಣಯಿಸುವುದು. ಕಂಡೆನ್ಸರಿನ ವಿಷಯದಲ್ಲಿ ಮೆಕ್ಯಾನಿಕ್ಕನು ಮಾಡುವುದು ಇದನ್ನೇ. ಸಂಪರ್ಕಬಿಂದುಗಳು ತೆರೆದುಕೊಂಡ ಕ್ಷಣದಲ್ಲಿ ಪ್ರವಾಹವನ್ನು ತನ್ನೊಳಗೆ ಸೆಳೆದುಕೊಂಡು ಬಿಂದುಗಳು ಉರಿಯದಂತೆ ಕಾಯುವ ಈ ಪುಟ್ಟ ಡಬ್ಬಿಯನ್ನು ಹೊರಗಿನಿಂದ ನೋಡಿ ಏನನ್ನೂ ಹೇಳಲಾಗದು. ಬಿಂದುಗಳು ನೀಲಿಗಟ್ಟಿ ಕರಿಕಾಗಿದ್ದರೆ ಅದರ ಮೇಲೆ ಸಂಶಯ ಬರುತ್ತದೆ. ಆಗ ಚೆನ್ನಾಗಿದೆಯೆಂದು ಖಾತ್ರಿಯಿರುವ ಇನ್ನೊಂದನ್ನು ತಾತ್ಕಾಲಿಕವಾಗಿ ಜೋಡಿಸಿ ನೋಡುವುದೇ ಪರೀಕ್ಷೆ.

ಅತ್ಯಂತ ಕಠಿಣವಾದುದು, ಬಿಸಿಯಾದಾಗ ನಿಂತು ತಣಿದಾಗ ಮತ್ತೆ ಓಡುವ ಗಾಡಿ. ಕೊಳವೆಯಲ್ಲಿ ಪೆಟ್ರೋಲು ಆವಿಯಾಗಿ ದಾರಿ ಕಟ್ಟಿದರೂ ಇದೇ ಲಕ್ಷಣ; ಸುರುಳಿಯೋ ಕಂಡೆನ್ಸರೋ ಕಾವಿಗೆ ಸೋತರೂ ಇದೇ ಲಕ್ಷಣ. ತಣಿಯುವ ಮುನ್ನ, ನಿಂತ ಕ್ಷಣದಲ್ಲಿಯೇ, ಪ್ಲಗ್ಗಿನ ತಂತಿಯನ್ನು ಇಂಜಿನ್ನಿನ ಮೈಗೆ ಕಾಲು ಅಂಗುಲ ದೂರದಲ್ಲಿ ಹಿಡಿದು ಕಿಡಿಯನ್ನು ನೋಡಬೇಕು. ದಪ್ಪನೆಯ ನೀಲಿ ಕಿಡಿ ಹಾರಿದರೆ ದೋಷವನ್ನು ಪೆಟ್ರೋಲಿನ ಕಡೆ ಹುಡುಕಬೇಕು. ತೆಳ್ಳಗೆ ಹಳದಿಯಾಗಿದ್ದರೆ, ಇಲ್ಲವೆ ಹಾರದೆಯೇ ಹೋದರೆ, ವಿದ್ಯುತ್ತಿನ ಕಡೆ. ಕಾಲು ಗಂಟೆ ತಡಮಾಡಿದರೆ ಸಾಕ್ಷಿ ನಾಶವಾಗುತ್ತದೆ. ಚರಿತ್ರೆಯ ವಿದ್ಯಾರ್ಥಿಗಳಿಗೆ ಈ ಕಷ್ಟ ಅಪರಿಚಿತವಲ್ಲ.

ಸ್ಟಾರ್ಟರಿನ ಪರೀಕ್ಷೆ ಇದಕ್ಕಿಂತ ಸುಲಭ. ಮುಂದೀಪ ಹೊತ್ತಿಸಿ ಸೆಲ್ಫ್ ಒತ್ತಿದಾಗ ದೀಪ ಕುಂದಿಹೋದರೆ ಬ್ಯಾಟರಿಯನ್ನೋ ಅದರ ಜೋಡಣೆಯನ್ನೋ ಮೊದಲು ನೋಡುವುದು. ದೀಪ ಕುಂದದೆ ಸೆಲ್ಫ್ ಮೌನವಾಗಿದ್ದರೆ ಸ್ವಿಚ್ಚನ್ನು ನೋಡುವುದು.

ನಮ್ಮ ದೇಶದಲ್ಲಿ ಈ ವಿದ್ಯೆಗೆ ದೀರ್ಘಾಯುಷ್ಯ ದೊರೆಯಿತು. ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಬಂದ ಅಂಬಾಸಡರ್ ಗಾಡಿ ೧೯೫೦ರ ದಶಕದ ಕೊನೆಯಿಂದ ೨೦೧೪ರ ವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾಯಿತು. ಫಿಯಟ್ ೧೧೦೦ ಮಾದರಿಯ ಪ್ರೀಮಿಯರ್ ಪದ್ಮಿನಿ ಮುಂಬಯಿಯ ಬಾಡಿಗೆ ಕಾರಾಗಿ ೨೦೨೩ರ ಅಕ್ಟೋಬರಿನ ವರೆಗೆ ಓಡಿತು. ೧೯೫೧ರಲ್ಲಿ ಸ್ಥಾಪಿತವಾದ ಮೈಕೋ ಸಂಸ್ಥೆಯ ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಿಂದ ಹೊರಬಂದ ಪ್ಲಗ್ಗುಗಳ ತುದಿಯ ಬಣ್ಣವನ್ನು ಓದಿಯೇ ಎಷ್ಟೋ ಹುಡುಗರು ಕೆಲಸ ಕಲಿತರು: ತಿಳಿ ಕಂದು ಆರೋಗ್ಯ, ಒಣ ಮಸಿ ಪೆಟ್ರೋಲಿನ ಅತಿಯಾದ ಸೇವನೆ, ಎಣ್ಣೆಯ ಜಿಡ್ಡು ಸವೆದ ಪಿಸ್ಟನ್ ಬಳೆ, ಸುಣ್ಣದ ಬಿಳುಪು ಅತಿಯಾದ ಕಾವು. ಮಿಸ್ಸಿಂಗ್ ಎಂಬ ಪದ ಇಂಗ್ಲಿಷಿನದಾದರೂ ಅದರಲ್ಲಿ ಎಷ್ಟು ಬಗೆಗಳುಂಟೆಂಬುದು ಗ್ಯಾರೇಜಿನ ಕಿವಿಗೆ ಮಾತ್ರ ಗೊತ್ತು.

ಸಂಪರ್ಕಬಿಂದುಗಳ ಯುಗ ೧೯೭೦ರ ದಶಕದಿಂದ ಹಿಂಜರಿಯಿತು. ಕ್ಯಾಲಿಫೋರ್ನಿಯಾ ಸಂಸ್ಥಾನವು ೧೯೮೮ರ ಮಾದರಿಗಳಿಂದ ಗಾಡಿಯೊಳಗೇ ದೋಷಸೂಚಕ ವ್ಯವಸ್ಥೆಯಿರಬೇಕೆಂದು ವಿಧಿಸಿತು. ೧೯೯೬ರಿಂದ ಅಮೆರಿಕದಲ್ಲಿ ಮಾರಾಟವಾದ ಎಲ್ಲ ಹೊಸ ಕಾರುಗಳಿಗೂ ಏಕರೂಪದ ಸಂಕೇತಗಳು ಬಂದುವು. ಇದರ ಮೂಲೋದ್ದೇಶ ಹೊಗೆಯ ನಿಯಂತ್ರಣವೇ ಹೊರತು ಮೆಕ್ಯಾನಿಕ್ಕನ ಅನುಕೂಲವಲ್ಲ. ಸಂಕೇತವು ಹೇಳುವುದು ಯಾವ ಮಂಡಲದಲ್ಲಿ ಅಳತೆ ತಪ್ಪಿದೆ ಎಂಬುದನ್ನು, ಏಕೆ ತಪ್ಪಿತೆಂಬುದನ್ನಲ್ಲ. ಅರ್ತಿಂಗ್ ಕೆಟ್ಟು ಅಳತೆ ತಪ್ಪಿದರೂ ಅದು ಸಂವೇದಕದ ಮೇಲೆಯೇ ಬೆರಳು ತೋರಿಸಬಹುದು. ಚೋಕಿನ ತಂತಿಯ ಕಥೆಯೇ ಇದು, ಹೊಸ ವೇಷದಲ್ಲಿ.

ಆದರೆ ಹಳೆಯ ಕಥೆಯನ್ನು ಬಲ್ಲವರು ವೃದ್ಧರಾಗುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ಏನನ್ನೂ ಬರೆದಿಟ್ಟವರಲ್ಲ. ಅವರನ್ನು ಭೇಟಿಮಾಡಿ ಮಾತುಗಳನ್ನು ಸಂಗ್ರಹಿಸುವ ಕೆಲಸವನ್ನು ನಮ್ಮ ಚರಿತ್ರೆಯ ವಿಭಾಗಗಳು ಕೈಗೊಳ್ಳಬೇಕು. ಹೋದವರು ಅವರ ಮಾತನ್ನಷ್ಟೇ ಧ್ವನಿಮುದ್ರಿಸಿಕೊಂಡು ಬಂದರೆ ಸಾಲದು. ಕೆಟ್ಟ ಇಂಜಿನ್ನಿನ ಸದ್ದನ್ನೂ ಜೊತೆಗೆ ಮುದ್ರಿಸಿಕೊಳ್ಳಬೇಕು. ಏಕೆಂದರೆ ಅವರ ವಿವರಣೆಯ ಅರ್ಧಭಾಗ, ಆ ಸದ್ದಿನ ಕಡೆ ತಲೆಯಾಡಿಸಿ "ಕೇಳಿ, ಅದೇ" ಎನ್ನುವುದಷ್ಟೇ ಆಗಿರುತ್ತದೆ.